ಯೀಸ್ಟ್ ಇಲ್ಲದ ಬ್ರೆಡ್: ಸೋಡಾ ಹಾಕಿದ ಮೇಲೆ ಕಾಯಬೇಡಿ

ಪ್ರಶ್ನೆ: ಮನೆಯಲ್ಲಿ ಯೀಸ್ಟ್ ಇರಲಿಲ್ಲ. ಸೋಡಾ ಹಾಕಿದರೂ ಬ್ರೆಡ್ ಆಗುತ್ತೆ ಅಂತ ಯಾರೋ ಹೇಳಿದರು, ಮಾಡಿ ನೋಡಿದೆ. 2 ಕಪ್ ಮೈದಾ, ಒಂದೂವರೆ ಟೀ ಚಮಚ ಅಡುಗೆ ಸೋಡಾ, ಸ್ವಲ್ಪ ಉಪ್ಪು, ಕಲಸಲು ಬೇಕಾದಷ್ಟು ಹಾಲು. ಹತ್ತು ನಿಮಿಷ ಚೆನ್ನಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಟ್ಟೆ. ಆಮೇಲೆ ಓವನ್ ಒಳಗಿಟ್ಟು 180 ಡಿಗ್ರಿಗೆ ತಿರುಗಿಸಿದೆ. ಮೇಲೆ ಕಂದು ಬಣ್ಣ ಬಂದು ಗಟ್ಟಿಯಾಯಿತು, ಒಳಗೆ ಹಸಿಹಸಿ, ಹಳದಿ ಬಣ್ಣ, ರುಚಿ ಸೋಪಿನ ಥರ. ಎಲ್ಲಿ ತಪ್ಪಿತು? ಬೇಕಿಂಗ್ ಪೌಡರ್ ಹಾಕಬೇಕಿತ್ತಾ? ಗೋಧಿ ಹಿಟ್ಟಿನಲ್ಲಿ ಆಗುತ್ತಾ? ಓವನ್ ಇಲ್ಲದ ನನ್ನ ತಂಗಿಗೂ ಹೇಳಿಕೊಡಬೇಕು, ಅವಳು ಹೇಗೆ ಮಾಡಬೇಕು? ಅಂಗಡಿ ಬ್ರೆಡ್ಡಿನಷ್ಟು ಮೆತ್ತಗೆ ಬರುತ್ತಾ?

ಉತ್ತರ: ನಿಮ್ಮ ಸಾಮಾನಿನಲ್ಲಿ ಇಲ್ಲದೇ ಹೋದದ್ದು ಒಂದೇ, ಹುಳಿ. ಅದನ್ನು ಸೇರಿಸುವುದು ಸುಲಭ. ಆದರೆ ನೀವು ಮಾಡಿದ ಕ್ರಮ ಪೂರ್ತಿ ಯೀಸ್ಟ್ ಬ್ರೆಡ್ಡಿನದು. ನಾದಿದ್ದು, ಬಟ್ಟೆ ಮುಚ್ಚಿದ್ದು, ಒಂದು ಗಂಟೆ ಕಾದದ್ದು ಎಲ್ಲ ಯೀಸ್ಟಿಗೆ ಬೇಕಾದ ಉಪಚಾರ. ಯೀಸ್ಟಿನ ಜಾಗದಲ್ಲಿ ಸೋಡಾ ಕೂರಿಸಿ ಅದಕ್ಕೂ ಅದೇ ಉಪಚಾರ ಮಾಡಿದ್ದೀರಿ. ಸೋಡಾಕ್ಕೆ ಅದರಿಂದ ಲಾಭ ಇಲ್ಲ, ನಷ್ಟವೇ ಜಾಸ್ತಿ.

ಯೀಸ್ಟಿಗೆ ಜೀವ ಇದೆ. ಹಿಟ್ಟಿನಲ್ಲಿರುವ ಸಕ್ಕರೆ ತಿಂದು ಗಂಟೆಗಟ್ಟಲೆ ನಿಧಾನವಾಗಿ ಗ್ಯಾಸ್ ಬಿಡುತ್ತಾ ಇರುತ್ತದೆ. ನೀವು ಹಿಟ್ಟನ್ನು ಗುದ್ದಿ ಗ್ಯಾಸ್ ಹೊರಗೆ ಹಾಕಿದರೂ ಮತ್ತೆ ಮಾಡಿಕೊಡುತ್ತದೆ. ಸೋಡಾ ಒಂದು ಲವಣ, ಹೆಸರು ಸೋಡಿಯಂ ಬೈಕಾರ್ಬೊನೇಟ್. ಒದ್ದೆಯಾಗಿ ಹುಳಿ ತಗುಲಿದ ಕೂಡಲೇ ಕಾರ್ಬನ್ ಡೈಆಕ್ಸೈಡ್ ಬಿಡಲು ಶುರು ಮಾಡುತ್ತದೆ. ಮುಗಿದರೆ ಮುಗಿಯಿತು, ಎರಡನೇ ಸಲ ಬರುವುದಿಲ್ಲ. ಆ ಗ್ಯಾಸ್ ಹಿಟ್ಟಿನೊಳಗೆ ಇರುವಾಗಲೇ ಹಿಟ್ಟು ಬೆಂದು ಗಟ್ಟಿಯಾಗಬೇಕು. ಇದೊಂದು ತಲೆಯಲ್ಲಿ ಇಟ್ಟುಕೊಂಡರೆ ಮುಂದೆ ಹೇಳುವುದೆಲ್ಲ ನಿಮಗೇ ಹೊಳೆಯುತ್ತದೆ.

ಮೊದಲು ಸೋಪಿನ ರುಚಿಯ ವಿಷಯ. ಸೋಡಾ ಎರಡು ರೀತಿಯಲ್ಲಿ ಗ್ಯಾಸ್ ಕೊಡುತ್ತದೆ. ಹುಳಿ ಸಿಕ್ಕರೆ ತನ್ನಲ್ಲಿರುವ ಗ್ಯಾಸನ್ನು ಪೂರ್ತಿ ಕೊಡುತ್ತದೆ. ಹುಳಿ ಸಿಗದಿದ್ದರೆ ಓವನ್ನಿನ ಬಿಸಿಗೆ ಒಡೆಯುತ್ತದೆ. ಆಗ ಬರುವುದು ಅರ್ಧದಷ್ಟು ಗ್ಯಾಸ್ ಮಾತ್ರ. ಉಳಿದದ್ದು ಸೋಡಿಯಂ ಕಾರ್ಬೊನೇಟ್ ಆಗಿ ಹಿಟ್ಟಿನಲ್ಲೇ ಉಳಿಯುತ್ತದೆ. ಅದೇನು ಗೊತ್ತಾ? ಬಟ್ಟೆ ಒಗೆಯುವ ಸೋಡಾ. ನೀವು ಸೋಪಿನ ರುಚಿ ಅಂದದ್ದು ಸುಮ್ನೆ ಹೋಲಿಕೆಯಾಗಿ ಅಲ್ಲ, ನಿಜವಾಗಿಯೂ ಆ ಜಾತಿಯ ರುಚಿಯೇ ನಿಮ್ಮ ನಾಲಿಗೆಗೆ ಸಿಕ್ಕಿದ್ದು. ಹಾಲಿನಲ್ಲಿ ಹುಳಿ ಇರುತ್ತೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ತಾಜಾ ಹಾಲಿನ ಪಿಎಚ್ (ಹುಳಿ ಎಷ್ಟಿದೆ ಅಂತ ಹೇಳುವ ಅಂಕಿ) ಸುಮಾರು 6.7, ಹೆಚ್ಚುಕಡಿಮೆ ನೀರಿನ ಹಾಗೆಯೇ. ಅದರಿಂದ ಸೋಡಾಕ್ಕೆ ಏನೂ ಸಾಲದು.

ಹಳದಿ ಬಣ್ಣಕ್ಕೂ ಅದೇ ಕಾರಣ. ಗೋಧಿಯಲ್ಲಿ ಸಹಜವಾಗಿ ಇರುವ ಕೆಲವು ಬಣ್ಣದ ಅಂಶಗಳು ಕ್ಷಾರ, ಅಂದರೆ ಹುಳಿಗೆ ವಿರುದ್ಧವಾದ ಸೋಡಾದ ಗುಣ, ಜಾಸ್ತಿಯಾದಾಗ ಹಳದಿಗೆ ತಿರುಗುತ್ತವೆ. ಕ್ಷಾರ ಇದ್ದರೆ ಮೇಲ್ಪದರವೂ ಬೇಗ ಕಂದಾಗುತ್ತದೆ. ಹಾಗಾಗಿ ನಿಮ್ಮ ಬ್ರೆಡ್ ಮೇಲಿಂದ ನೋಡಲು ಬೆಂದ ಹಾಗೆ ಇತ್ತು, ಒಳಗೆ ಬೆಂದಿರಲಿಲ್ಲ. ಬಣ್ಣ ನೋಡಿ ಓವನ್ ಆರಿಸಿದ್ದೀರಿ ಅಂತ ನನ್ನ ಅನುಮಾನ.

ಅಳತೆಯೂ ಜಾಸ್ತಿಯಾಯಿತು. ಒಂದು ಕಪ್ ಹಿಟ್ಟಿಗೆ ಕಾಲು ಟೀ ಚಮಚ ಸೋಡಾ ಸಾಕು, ಅಂದರೆ 2 ಕಪ್ಪಿಗೆ ಅರ್ಧ ಟೀ ಚಮಚ. ನೀವು ಹಾಕಿದ್ದು ಅದರ ಮೂರು ಪಟ್ಟು. ಅರ್ಧ ಚಮಚ ಅಂದರೆ ತೀರಾ ಕಡಿಮೆ ಅನ್ನಿಸುತ್ತೆ ಅಲ್ವಾ? ಲೆಕ್ಕ ಹಾಕಿ ನೋಡಿ. ಅರ್ಧ ಟೀ ಚಮಚ ಸೋಡಾ ಸುಮಾರು 2.5 ಗ್ರಾಂ ತೂಗುತ್ತದೆ. ಹುಳಿ ಸಾಕಷ್ಟು ಸಿಕ್ಕರೆ ಅಷ್ಟರಿಂದ ಸುಮಾರು 700 ಮಿಲಿ ಗ್ಯಾಸ್ ಬರುತ್ತದೆ. 2 ಕಪ್ ಹಿಟ್ಟು ಕಲಸಿದಾಗ ಆಗುವ ಮುದ್ದೆಯ ಗಾತ್ರ ಅರ್ಧ ಲೀಟರಿಗೂ ಕಡಿಮೆ. ಅಂದರೆ ಆ ಮುದ್ದೆಯನ್ನು ದುಪ್ಪಟ್ಟು ಮಾಡಿ ಮಿಕ್ಕುವಷ್ಟು ಗ್ಯಾಸ್ ಆ ಚಿಟಿಕೆಯಲ್ಲೇ ಇದೆ. ಬ್ರೆಡ್ ಉಬ್ಬದಿದ್ದರೆ ಗ್ಯಾಸ್ ಎಲ್ಲಿ ಸೋರಿ ಹೋಯಿತು ಅಂತ ಹುಡುಕಬೇಕು. ಇನ್ನೊಂದು ಚಮಚ ಸೋಡಾ ಸುರಿದರೆ ಸೋರಿಕೆ ನಿಲ್ಲುವುದಿಲ್ಲ, ರುಚಿ ಕೆಡುತ್ತದೆ ಅಷ್ಟೇ.

ಇಲ್ಲೊಂದು ಮಾತು. ಟೀ ಚಮಚ ಅಂದರೆ 5 ಮಿಲಿ ಹಿಡಿಯುವ ಅಳತೆ ಚಮಚ, ತಲೆಸಮ ಮಾಡಿದ್ದು. ಮನೆಯಲ್ಲಿ ಸಕ್ಕರೆ ಕದಡುವ ಚಮಚ ಒಂದೊಂದು ಒಂದೊಂದು ಗಾತ್ರ ಇರುತ್ತದೆ. ಹಿಟ್ಟನ್ನು ಕಣ್ಣಳತೆಯಲ್ಲಿ ಹಾಕಿ, ಉಪ್ಪನ್ನು ಕೈಯಳತೆಯಲ್ಲಿ ಹಾಕಿ, ತೊಂದರೆ ಇಲ್ಲ. ಸೋಡಾ ಮಾತ್ರ ಅಳತೆ ಚಮಚದಲ್ಲೇ ಹಾಕಿ.

ಇನ್ನು ನಾದುವ ವಿಷಯ. ಗೋಧಿ ಹಿಟ್ಟಿಗೆ ನೀರು ಬಿದ್ದು ಕೈಯಾಡಿಸಿದಂತೆಲ್ಲ ಅದರಲ್ಲಿರುವ ಪ್ರೊಟೀನ್ ಸೇರಿಕೊಂಡು ಗ್ಲುಟೆನ್ ಆಗುತ್ತದೆ. ರಬ್ಬರಿನಂತೆ ಎಳೆದರೆ ಹಿಗ್ಗುವ, ಬಿಟ್ಟರೆ ಕುಗ್ಗುವ ಬಲೆ ಅದು. ಯೀಸ್ಟ್ ಗಂಟೆಗಟ್ಟಲೆ ಬಿಡುವ ಗ್ಯಾಸನ್ನು ಹಿಡಿದಿಡಲು ಆ ಬಲೆ ಬೇಕೇ ಬೇಕು. ಅಷ್ಟು ಹೊತ್ತಿನಲ್ಲಿ ಬಲೆಯೂ ನಿಧಾನವಾಗಿ ಹಿಗ್ಗಿಕೊಳ್ಳುತ್ತದೆ. ಸೋಡಾದ ಗ್ಯಾಸಿಗೆ ಅಷ್ಟು ಪುರುಸೊತ್ತಿಲ್ಲ. ಕೆಲವೇ ನಿಮಿಷಗಳಲ್ಲಿ ಹಿಟ್ಟನ್ನು ಮೇಲೆತ್ತಬೇಕು. ಬಿಗಿಯಾದ ಬಲೆ ಅಡ್ಡ ಬಂದರೆ ಹಿಟ್ಟು ಏಳುವುದಿಲ್ಲ. ಬೆಂದ ಮೇಲೆ ಅಗಿಯಲು ಕಷ್ಟವಾಗುತ್ತದೆ, ಕೆಲವೊಮ್ಮೆ ಕೊಯ್ದಾಗ ಒಳಗೆ ಉದ್ದುದ್ದ ಸುರಂಗಗಳು ಕಾಣುತ್ತವೆ. ಜಾಸ್ತಿ ಕಲಸಿದ್ದಕ್ಕೆ ಆ ಸುರಂಗಗಳೇ ಸಾಕ್ಷಿ. ಹಾಗಾಗಿ ಈ ಬ್ರೆಡ್ಡಿಗೆ ನಾದುವುದೇ ಇಲ್ಲ, ಕಲಸುವುದು ಮಾತ್ರ. ಅದೂ ಒಣ ಹಿಟ್ಟು ಕಾಣದಂತೆ ಆಗುವವರೆಗೆ ಸಾಕು. ಮುದ್ದೆ ನುಣುಪಾಗಿದ್ದರೆ ಕೈ ಜಾಸ್ತಿ ಆಡಿದೆ ಅಂತಲೇ ಅರ್ಥ.

ಒಂದು ಗಂಟೆ ಕಾದದ್ದರಿಂದ ನಿಮಗೆ ಆದ ನಷ್ಟ ನಿಜ ಹೇಳಬೇಕೆಂದರೆ ಅಷ್ಟೇನೂ ದೊಡ್ಡದಲ್ಲ. ಯಾಕೆಂದರೆ ನಿಮ್ಮ ಹಿಟ್ಟಿನಲ್ಲಿ ಹುಳಿಯೇ ಇರಲಿಲ್ಲ, ಸೋಡಾ ಹೆಚ್ಚಿನ ಪಾಲು ಹಾಗೇ ಕೂತಿತ್ತು. ಮುಂದಿನ ಸಲ ಮಜ್ಜಿಗೆ ಹಾಕಿ ಅದೇ ಒಂದು ಗಂಟೆ ಕಾದರೆ ಮಾತ್ರ ಓವನ್ ಒಳಗೆ ಹೋಗುವಾಗ ಗ್ಯಾಸ್ ಬಹುಪಾಲು ಖಾಲಿಯಾಗಿರುತ್ತದೆ. ಓವನ್ ಮೊದಲೇ ಕಾಯಿಸದೆ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ಹಿಟ್ಟಿನಲ್ಲಿರುವ ಪಿಷ್ಟ ನೀರು ಹೀರಿ ಗಟ್ಟಿಯಾಗಲು ಸುಮಾರು 60 ರಿಂದ 80 ಡಿಗ್ರಿ ಬಿಸಿ ಬೇಕು. ತಣ್ಣನೆಯ ಓವನ್ ನಿಧಾನವಾಗಿ ಬಿಸಿಯಾಗುವಷ್ಟರಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರಿ ಮೇಲೆ ಬಂದು ಒಡೆದು ಹೋಗುತ್ತವೆ, ಮುದ್ದೆ ಕುಸಿಯುತ್ತದೆ. ಕಲಸಲು ಕೈ ಹಾಕುವ ಮೊದಲೇ ಓವನ್ ಪೂರ್ತಿ ಕಾದಿರಬೇಕು. ಕಾಯಲು 15 ನಿಮಿಷವಾದರೂ ಕೊಡಿ. ದೀಪ ಆರಿತು ಅಂತ ತಕ್ಷಣ ಒಳಗಿಡಬೇಡಿ, ಚಿಕ್ಕ ಓವನ್‌ಗಳಲ್ಲಿ ಗಾಳಿ ಬೇಗ ಕಾಯುತ್ತದೆ, ಗೋಡೆ ಮತ್ತು ತಟ್ಟೆ ಕಾಯಲು ಇನ್ನೂ ಹೊತ್ತು ಬೇಕು.

ಈಗ ಮಾಡುವ ಕ್ರಮ ಹೇಳುತ್ತೇನೆ. ಓವನ್ 200 ಡಿಗ್ರಿಗೆ ಕಾಯಲು ಇಡಿ. ತಟ್ಟೆಗೆ ಬೆಣ್ಣೆ ಕಾಗದ ಹಾಸಿ ಅಥವಾ ಎಣ್ಣೆ ಸವರಿ ಹಿಟ್ಟು ಉದುರಿಸಿ ಪಕ್ಕಕ್ಕೆ ಇಟ್ಟುಕೊಳ್ಳಿ. 180 ಗ್ರಾಂ ಹುಳಿ ಮೊಸರಿಗೆ 40 ಮಿಲಿ ನೀರು ಹಾಕಿ ಚೆನ್ನಾಗಿ ಕಡೆಯಿರಿ. ಸುರಿದರೆ ದಪ್ಪ ಧಾರೆಯಾಗಿ ಬೀಳಬೇಕು. ಮೊಸರು ಸಿಹಿಯಾಗಿದ್ದರೆ ಒಂದು ಟೀ ಚಮಚ ನಿಂಬೆರಸ ಸೇರಿಸಿ. ಮೊಸರು ಇಲ್ಲದಿದ್ದರೆ ಒಂದು ಕಪ್ ಹಾಲಿಗೆ ಒಂದು ಟೇಬಲ್ ಚಮಚ ನಿಂಬೆರಸ ಅಥವಾ ವಿನೆಗರ್ ಹಾಕಿ ಹತ್ತು ನಿಮಿಷ ಬಿಡಿ. ಸ್ವಲ್ಪ ಒಡೆದ ಹಾಗೆ ಕಾಣುತ್ತದೆ, ಅದೇ ಬೇಕು. ಹೀಗೆ ಹಾಲಿನಲ್ಲಿ ಮಾಡಿದಾಗ ಎಲ್ಲವನ್ನೂ ಒಂದೇ ಸಲ ಸುರಿಯಬೇಡಿ, ಮೊಸರಿಗಿಂತ ತೆಳು ಇರುತ್ತದೆ.

ಬೇರೆ ಅಗಲವಾದ ಪಾತ್ರೆಯಲ್ಲಿ 250 ಗ್ರಾಂ (ಸುಮಾರು 2 ಕಪ್) ಮೈದಾ, ಮುಕ್ಕಾಲು ಟೀ ಚಮಚ ಉಪ್ಪು, ಅರ್ಧ ಟೀ ಚಮಚ ಸೋಡಾ ಹಾಕಿ. ಸೋಡಾವನ್ನು ಜರಡಿ ಹಿಡಿಯಿರಿ, ಇಲ್ಲವಾದರೆ ಅಂಗೈಯಲ್ಲಿ ಹಾಕಿಕೊಂಡು ಹೆಬ್ಬೆರಳಿನಿಂದ ಗಂಟು ಒಡೆಯಿರಿ. ಗಂಟು ಉಳಿದರೆ ಬ್ರೆಡ್ಡಿನಲ್ಲಿ ಕಂದು ಚುಕ್ಕಿಯಾಗುತ್ತದೆ, ಬಾಯಿಗೆ ಸಿಕ್ಕರೆ ಕಹಿ. ಒಣ ಸಾಮಾನನ್ನು ಕೈಯಿಂದ ಒಂದು ನಿಮಿಷ ಚೆನ್ನಾಗಿ ಬೆರೆಸಿ. ಈ ಹಂತದಲ್ಲಿ ಎಷ್ಟು ಬೆರೆಸಿದರೂ ನಷ್ಟವಿಲ್ಲ, ನೀರು ಬಿದ್ದ ಮೇಲೆ ಮಾತ್ರ ಜಿಪುಣತನ ಬೇಕು.

ಮಧ್ಯದಲ್ಲಿ ಗುಂಡಿ ಮಾಡಿ ಕಡೆದ ಮಜ್ಜಿಗೆಯನ್ನು ಮುಕ್ಕಾಲು ಪಾಲು ಸುರಿಯಿರಿ. ಒಂದು ಕೈಯಿಂದ ಪಾತ್ರೆ ಹಿಡಿದುಕೊಳ್ಳಿ. ಇನ್ನೊಂದು ಕೈಯ ಐದೂ ಬೆರಳು ಅಗಲಿಸಿ ಬಿಗಿ ಮಾಡಿಕೊಂಡು ಮಧ್ಯದಿಂದ ಅಂಚಿನ ಕಡೆಗೆ ಸುತ್ತು ಹಾಕುತ್ತಾ ಹೋಗಿ. ಹಿಸುಕಬೇಡಿ, ಒತ್ತಬೇಡಿ. ಏಳೆಂಟು ಸುತ್ತಿನಲ್ಲಿ ಹಿಟ್ಟು ಚಿಂದಿಚಿಂದಿಯಾಗಿ ಒಟ್ಟಾಗುತ್ತದೆ. ಪಾತ್ರೆಯ ತಳದಲ್ಲಿ ಒಣ ಹಿಟ್ಟು ಉಳಿದಿದ್ದರೆ ಅಲ್ಲಿಗೆ ಮಿಕ್ಕ ಮಜ್ಜಿಗೆ ಚಿಮುಕಿಸಿ ಮತ್ತೆರಡು ಸುತ್ತು ಹಾಕಿ. ಮುದ್ದೆಯನ್ನು ಹತ್ತಿರದಿಂದ ನೋಡಿದರೆ ಮೇಲೆ ಸಣ್ಣ ಸಣ್ಣ ಗುಳ್ಳೆ ಏಳುತ್ತಿರುವುದು ಕಾಣುತ್ತದೆ, ಮುಟ್ಟಿದರೆ ಹಗುರಾಗಿ ಸ್ಪಂಜಿನ ಹಾಗೆ ಇರುತ್ತದೆ. ಸೋಡಾ ಕೆಲಸ ಶುರು ಮಾಡಿದೆ. ಕೈಗೆ ಅಂಟುತ್ತದೆ, ಅಂಟಲಿ. ಅಂಟಬಾರದು ಅಂತ ಹಿಟ್ಟು ಸುರಿಯುತ್ತಾ ಹೋದರೆ ಬ್ರೆಡ್ ಒಣಕಲಾಗುತ್ತದೆ.

ಹಲಗೆಗೆ ಸ್ವಲ್ಪ ಹಿಟ್ಟು ಉದುರಿಸಿ ಮುದ್ದೆಯನ್ನು ಅದರ ಮೇಲೆ ಬೀಳಿಸಿ. ಕೈಗೂ ಹಿಟ್ಟು ಸವರಿಕೊಂಡು ಅಂಚುಗಳನ್ನು ಒಳಕ್ಕೆ ಮಡಚಿ, ತಿರುಗಿಸಿ, ನಾಲ್ಕು ಸೆಂಟಿಮೀಟರ್ ದಪ್ಪದ ಗುಂಡು ಮಾಡಿ ತಟ್ಟೆಗೆ ಎತ್ತಿಡಿ. ಚೂಪು ಚಾಕುವಿನಿಂದ ಮೇಲೆ ಅಡ್ಡ ಒಂದು, ಉದ್ದ ಒಂದು ಗೀರು ಹಾಕಿ. ಚೆಂದಕ್ಕೆ ಮೇಲೆಮೇಲೆ ಗೀರಿದರೆ ಸಾಲದು, ಅರ್ಧಕ್ಕಿಂತ ಆಳಕ್ಕೆ ಇಳಿಯಬೇಕು. ದಪ್ಪ ಮುದ್ದೆಯ ನಡುಭಾಗಕ್ಕೆ ಬಿಸಿ ತಲುಪುವುದು ನಿಧಾನ, ಈ ಗೀರು ಅಲ್ಲಿಗೆ ದಾರಿ ಮಾಡಿಕೊಡುತ್ತದೆ. ನಿಮ್ಮ ಬ್ರೆಡ್ಡಿನ ಹಸಿ ನಡುಭಾಗಕ್ಕೆ ಇದೂ ಒಂದು ಮದ್ದು. ಮಜ್ಜಿಗೆ ಸುರಿದಾಗಿನಿಂದ ಓವನ್ ಬಾಗಿಲು ಮುಚ್ಚುವವರೆಗೆ ಐದು ನಿಮಿಷ ಮೀರದಿದ್ದರೆ ಒಳ್ಳೆಯದು. ಫೋನ್ ಬಂದರೆ ಎತ್ತಬೇಡಿ.

200 ಡಿಗ್ರಿಯಲ್ಲಿ 30 ರಿಂದ 35 ನಿಮಿಷ. ಮೊದಲ 20 ನಿಮಿಷ ಬಾಗಿಲು ತೆಗೆಯಬೇಡಿ. ಬೇಗ ಕಂದಾದರೆ ಮೇಲೆ ಫಾಯಿಲ್ ಹೊದಿಸಿ, ಉರಿ ಕಡಿಮೆ ಮಾಡಿ ಹೊರಗೆ ತೆಗೆಯುವ ಅವಸರ ಬೇಡ. ಬೆಂದಿದೆಯಾ ಅಂತ ನೋಡಲು ಬ್ರೆಡ್ಡನ್ನು ಬಟ್ಟೆಯಲ್ಲಿ ಹಿಡಿದು ತಲೆಕೆಳಗು ಮಾಡಿ ತಳಕ್ಕೆ ಬೆರಳ ಗೆಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಬೆಂದಿದೆ, ಮಂದ ಸದ್ದು ಬಂದರೆ ಮತ್ತೆ ಐದು ನಿಮಿಷ ಇಡಿ. ಅಡುಗೆಯ ಥರ್ಮಾಮೀಟರ್ ಇದ್ದರೆ ನಡುಭಾಗ ಸುಮಾರು 95 ಡಿಗ್ರಿ ತೋರಿಸಬೇಕು. ಆಮೇಲೆ ಜಾಲರಿ ಮೇಲೆ ಇಟ್ಟು ಮುಕ್ಕಾಲು ಗಂಟೆ ಆರಲು ಬಿಡಿ. ಬಿಸಿಯಲ್ಲೇ ಕೊಯ್ದರೆ ಒಳಗಿನ ಹಬೆ ಒಮ್ಮೆಗೇ ಹೊರಗೆ ಹೋಗುತ್ತದೆ, ಪಿಷ್ಟ ಇನ್ನೂ ಗಟ್ಟಿಯಾಗಿರುವುದಿಲ್ಲ, ಚಾಕುವಿಗೆ ಅಂಟುಅಂಟಾಗಿ ಹಿಡಿಯುತ್ತದೆ. ಸರಿಯಾಗಿ ಬೆಂದ ಬ್ರೆಡ್ಡನ್ನೂ ಹಸಿ ಅಂತ ಎಸೆದವರಿದ್ದಾರೆ.

ಬೇಕಿಂಗ್ ಪೌಡರ್ ಹಾಕಬೇಕಿತ್ತಾ ಅಂತ ಕೇಳಿದ್ದೀರಿ. ನೀವು ಹಾಲನ್ನೇ ಬಳಸುವುದಾದರೆ ಹೌದು. ಬೇಕಿಂಗ್ ಪೌಡರ್ ಅಂದರೆ ಸೋಡಾ, ಅದಕ್ಕೆ ಬೇಕಾದ ಹುಳಿ ಪುಡಿ, ಎರಡೂ ಡಬ್ಬಿಯೊಳಗೇ ಜಗಳ ಶುರು ಮಾಡದಂತೆ ತೇವ ಹೀರಿಕೊಳ್ಳಲು ಮೆಕ್ಕೆಜೋಳದ ಪಿಷ್ಟ. ಹುಳಿ ಜೊತೆಗೇ ಇರುವುದರಿಂದ ಹಾಲು, ನೀರು ಏನು ಹಾಕಿದರೂ ನಡೆಯುತ್ತದೆ. ಇದು ಹುಟ್ಟಿದ್ದೇ ಯೀಸ್ಟ್ ತಿನ್ನಲಾಗದವರೊಬ್ಬರ ಸಲುವಾಗಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ ಇದ್ದರು. ಅವರ ಹೆಂಡತಿಗೆ ಯೀಸ್ಟ್ ಒಗ್ಗುತ್ತಿರಲಿಲ್ಲ. ಅವರಿಗೆ ಬ್ರೆಡ್ ಮಾಡಿಕೊಡಲು 1843ರಲ್ಲಿ ಬರ್ಡ್ ಈ ಪುಡಿ ತಯಾರಿಸಿದರು. ಆಗ ಹುಳಿಗೆ ಬಳಕೆಯಲ್ಲಿದ್ದದ್ದು ವೈನ್ ಮಾಡುವಾಗ ಪೀಪಾಯಿಯಲ್ಲಿ ಕಟ್ಟುವ ಕ್ರೀಮ್ ಆಫ್ ಟಾರ್ಟರ್. ಅಮೆರಿಕಕ್ಕೆ ಅದು ಯುರೋಪಿನಿಂದ ಬರಬೇಕಿತ್ತು, ದುಬಾರಿ. ಹಾರ್ವರ್ಡ್‌ನ ಪ್ರೊಫೆಸರ್ ಎಬೆನ್ ಹಾರ್ಸ್‌ಫರ್ಡ್ 1850ರ ದಶಕದಲ್ಲಿ ಅದರ ಬದಲು ಕ್ಯಾಲ್ಸಿಯಂ ಫಾಸ್ಫೇಟ್ ಜಾತಿಯ ಹುಳಿ ಪುಡಿ ಬಳಸುವ ದಾರಿ ಕಂಡುಹಿಡಿದರು.

ಈಗ ಸಿಗುವ ಬಹುತೇಕ ಬೇಕಿಂಗ್ ಪೌಡರ್ ಎರಡು ಹಂತದಲ್ಲಿ ಕೆಲಸ ಮಾಡುತ್ತದೆ. ಒಂದು ಹುಳಿ ಒದ್ದೆಯಾದಾಗಲೇ ಸ್ವಲ್ಪ ಗ್ಯಾಸ್ ಬಿಡಿಸುತ್ತದೆ, ಇನ್ನೊಂದು ಹುಳಿ ಓವನ್ನಿನ ಬಿಸಿ ತಗುಲುವವರೆಗೆ ತೆಪ್ಪಗೆ ಇರುತ್ತದೆ. ಹಾಗಾಗಿ ಮಜ್ಜಿಗೆ-ಸೋಡಾದಷ್ಟು ಗಡಿಬಿಡಿ ಇದರಲ್ಲಿ ಇಲ್ಲ. ಹತ್ತು ಹದಿನೈದು ನಿಮಿಷ ತಡವಾದರೂ ಬ್ರೆಡ್ ಎದ್ದೇಳುತ್ತದೆ. ಮೊದಲ ಸಲ ಮಾಡುವವರಿಗೆ ನಾನು ಇದನ್ನೇ ಹೇಳುವುದು. ರುಚಿಯಲ್ಲಿ ಮಾತ್ರ ಮಜ್ಜಿಗೆ ಬ್ರೆಡ್ಡೇ ಮೇಲು. ಯೀಸ್ಟ್ ಬ್ರೆಡ್ಡಿಗೆ ಹುದುಗುವಾಗ ಒಂದು ಪರಿಮಳ ಬರುತ್ತದೆ. ಬೇಕಿಂಗ್ ಪೌಡರ್ ಬ್ರೆಡ್ಡಿಗೆ ಅದು ಇಲ್ಲ, ಸಪ್ಪೆ ಅನ್ನಿಸುತ್ತದೆ. ಮಜ್ಜಿಗೆಯ ಹುಳಿ ಆ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬುತ್ತದೆ.

ಇದರ ಅಳತೆ ಒಂದು ಕಪ್ ಹಿಟ್ಟಿಗೆ ಒಂದರಿಂದ ಒಂದೂಕಾಲು ಟೀ ಚಮಚ. 250 ಗ್ರಾಂ ಮೈದಾಕ್ಕೆ ಎರಡೂವರೆ ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಉಪ್ಪು, ಒಂದು ಟೇಬಲ್ ಚಮಚ ಸಕ್ಕರೆ ಬೆರೆಸಿ. 220 ಮಿಲಿ ಹಾಲು, 3 ಟೇಬಲ್ ಚಮಚ ಎಣ್ಣೆ ಅಥವಾ ಕರಗಿಸಿದ ಬೆಣ್ಣೆ ಸೇರಿಸಿ ಸೌಟಿನಿಂದ ಹತ್ತು ಹನ್ನೆರಡು ಸಲ ತಿರುವಿ. ಸಣ್ಣ ಗಂಟುಗಳು ಉಳಿದರೆ ಉಳಿಯಲಿ, ಬೇಯುವಾಗ ಕರಗುತ್ತವೆ. ಇದು ಉಂಡೆ ಕಟ್ಟುವಷ್ಟು ಗಟ್ಟಿ ಇರುವುದಿಲ್ಲ, ಸೌಟಿನಿಂದ ಜಾರಿ ಬೀಳುವ ಹದ. ಬ್ರೆಡ್ ಅಚ್ಚಿಗೆ ಸುರಿದು 180 ಡಿಗ್ರಿಯಲ್ಲಿ 40 ರಿಂದ 45 ನಿಮಿಷ ಬೇಯಿಸಿ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟದೆ ಬರಬೇಕು. ಅಚ್ಚು ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ತುಂಬಬೇಡಿ. ಸಮುದ್ರ ಮಟ್ಟದಿಂದ 1000 ಮೀಟರಿಗಿಂತ ಮೇಲಿರುವ ಜಾಗದಲ್ಲಿ ಗಾಳಿಯ ಒತ್ತಡ ಕಡಿಮೆ, ಗ್ಯಾಸ್ ಹೆಚ್ಚು ಹಿಗ್ಗುತ್ತದೆ. ಅಲ್ಲಿ ಬೇಕಿಂಗ್ ಪೌಡರ್ ಕಾಲು ಚಮಚ ಕಡಿಮೆ ಹಾಕಿ ನೋಡಿ, ಇಲ್ಲವಾದರೆ ಎದ್ದು ಕುಸಿಯಬಹುದು.

ಒಂದರ ಬದಲು ಇನ್ನೊಂದು ಹಾಕುವಾಗ ಅಳತೆ ಬದಲಾಗುತ್ತದೆ. ಒಂದು ಚಮಚ ಸೋಡಾದ ಕೆಲಸಕ್ಕೆ ಸುಮಾರು ಮೂರು ಚಮಚ ಬೇಕಿಂಗ್ ಪೌಡರ್ ಬೇಕು. ಬೇಕಿಂಗ್ ಪೌಡರ್ ಮುಗಿದು ಹೋಗಿ ಕ್ರೀಮ್ ಆಫ್ ಟಾರ್ಟರ್ ಇದ್ದರೆ, ಒಂದು ಚಮಚ ಪೌಡರ್ ಬದಲು ಕಾಲು ಚಮಚ ಸೋಡಾ, ಅರ್ಧ ಚಮಚ ಟಾರ್ಟರ್ ಸಾಕು. ಇದು ಒದ್ದೆಯಾದ ತಕ್ಷಣ ಕೆಲಸ ಮಾಡುವ ಜಾತಿ, ಮತ್ತೆ ಅವಸರ ಬೇಕು. ಎದೆಯುರಿಗೆ ಕುಡಿಯುವ ಫ್ರೂಟ್ ಸಾಲ್ಟ್ ಹಾಕಬಹುದಾ ಅಂತಲೂ ಜನ ಕೇಳುತ್ತಾರೆ. ಅದರಲ್ಲೂ ಸೋಡಾ ಮತ್ತು ಸಿಟ್ರಿಕ್ ಆಮ್ಲವೇ ಇರುವುದು, ಆದರೆ ಲೋಟದಲ್ಲಿ ಕ್ಷಣದಲ್ಲಿ ಬುರುಗೆದ್ದು ಮುಗಿಯಲಿ ಅಂತಲೇ ಮಾಡಿದ್ದು. ತೆಳು ಹಿಟ್ಟನ್ನು ಹಬೆಯಲ್ಲಿ ಬೇಯಿಸಲು ಅಡ್ಡಿಯಿಲ್ಲ, ಅರ್ಧ ಗಂಟೆ ಬೇಯುವ ಬ್ರೆಡ್ಡಿಗೆ ನಾನು ಹಾಕುವುದಿಲ್ಲ.

ಡಬ್ಬಿ ಹಳೆಯದಾಗಿದ್ದರೆ ಹಿಟ್ಟು ಹಾಳು ಮಾಡುವ ಮೊದಲು ಪರೀಕ್ಷೆ ಮಾಡಿ. ಬೇಕಿಂಗ್ ಪೌಡರ್ ಅರ್ಧ ಚಮಚ ತೆಗೆದು ಬಿಸಿನೀರಿಗೆ ಹಾಕಿ. ಸೋಡಾ ಆದರೆ ವಿನೆಗರ್ ಅಥವಾ ನಿಂಬೆರಸಕ್ಕೆ ಹಾಕಿ. ಜೋರಾಗಿ ನೊರೆ ಬಂದರೆ ಸರಿ. ಸೋಡಾ ಬೇಗ ಕೆಡುವುದಿಲ್ಲ, ಬೇಕಿಂಗ್ ಪೌಡರ್ ತೇವಕ್ಕೆ ಬೇಗ ಸತ್ತುಹೋಗುತ್ತದೆ. ಒದ್ದೆ ಚಮಚ ಡಬ್ಬಿಗೆ ಹಾಕಲೇಬೇಡಿ.

ಗೋಧಿ ಹಿಟ್ಟಿನಲ್ಲಿ ಖಂಡಿತ ಆಗುತ್ತದೆ. ಯೀಸ್ಟ್ ಬ್ರೆಡ್ಡಿಗಿಂತ ಈ ಬ್ರೆಡ್ಡಿಗೆ ಅದು ಚೆನ್ನಾಗಿ ಹೊಂದುತ್ತದೆ ಅಂತಲೇ ಹೇಳಬಹುದು. ಐರ್ಲೆಂಡಿನಲ್ಲಿ 19ನೇ ಶತಮಾನದಲ್ಲಿ ಸೋಡಾ ಬ್ರೆಡ್ ಮನೆಮನೆಯ ಬ್ರೆಡ್ ಆಗಲು ಅಲ್ಲಿನ ಗೋಧಿಯೂ ಒಂದು ಕಾರಣ. ಅದು ಪ್ರೊಟೀನ್ ಕಡಿಮೆ ಇರುವ ಮೆತ್ತನೆಯ ಗೋಧಿ. ಅದರಿಂದ ಬಿಗಿಯಾದ ಗ್ಲುಟೆನ್ ಬಲೆ ಆಗುವುದಿಲ್ಲ, ಯೀಸ್ಟ್ ಬ್ರೆಡ್ ಸರಿಯಾಗಿ ಏಳುವುದಿಲ್ಲ. ಸೋಡಾಕ್ಕೆ ಬಲೆಯೇ ಬೇಡವಲ್ಲ, ಸರಿಹೋಯಿತು. ಬೆಣ್ಣೆ ತೆಗೆದ ಮಜ್ಜಿಗೆಯೂ ಮನೆಯಲ್ಲೇ ಇರುತ್ತಿತ್ತು. ಪೂರ್ತಿ ಗೋಧಿ ಹಿಟ್ಟಿನಲ್ಲಿ ತವುಡು ಇರುತ್ತದೆ, ಅದು ಗ್ಲುಟೆನ್ ಎಳೆಗಳನ್ನು ಕತ್ತರಿಸುತ್ತದೆ. ಬ್ರೆಡ್ ಅಷ್ಟು ಎತ್ತರ ಏಳುವುದಿಲ್ಲ, ಆದರೆ ರುಚಿ ಚೆನ್ನ. ಶುರುವಿಗೆ ಅರ್ಧ ಮೈದಾ, ಅರ್ಧ ಗೋಧಿ ಹಿಟ್ಟು ಮಾಡಿ. ನುಣ್ಣಗೆ ಬೀಸಿದ ಗೋಧಿ ಹಿಟ್ಟು ನೀರು ಜಾಸ್ತಿ ಕುಡಿಯುತ್ತದೆ, ಮಜ್ಜಿಗೆ ಎರಡು ಮೂರು ಟೇಬಲ್ ಚಮಚ ಹೆಚ್ಚು ಬೇಕಾಗುತ್ತದೆ.

ತಂಗಿಗೆ ಓವನ್ ಇಲ್ಲದಿದ್ದರೆ ದಪ್ಪ ತಳದ ಕಾವಲಿ ಅಥವಾ ಬಾಣಲೆ, ಮುಚ್ಚಳ ಇದ್ದರೆ ಸಾಕು. ಮೇಲೆ ಹೇಳಿದ ಮಜ್ಜಿಗೆ ಹಿಟ್ಟನ್ನೇ ಒಂದೂವರೆಯಿಂದ ಎರಡು ಸೆಂಟಿಮೀಟರ್ ದಪ್ಪಕ್ಕೆ ದುಂಡಗೆ ತಟ್ಟಿ ನಾಲ್ಕು ಭಾಗ ಮಾಡಬೇಕು. ಕಾವಲಿ ಮೊದಲು ಸಣ್ಣ ಉರಿಯಲ್ಲಿ ಐದಾರು ನಿಮಿಷ ಕಾಯಲಿ. ಒಂದು ಚಿಟಿಕೆ ಹಿಟ್ಟು ಉದುರಿಸಿ ನೋಡಿ. ತಕ್ಷಣ ಕಪ್ಪಾದರೆ ಉರಿ ಜಾಸ್ತಿ, ನಿಧಾನವಾಗಿ ತಿಳಿ ಕಂದಾದರೆ ಸರಿ. ನಾಲ್ಕೂ ತುಂಡು ಇಟ್ಟು, ಮುಚ್ಚಿ, ಪ್ರತಿ ಬದಿಗೆ ಎಂಟರಿಂದ ಹತ್ತು ನಿಮಿಷ. ಕೊನೆಗೆ ಕೊಯ್ದ ಅಂಚುಗಳನ್ನೂ ಕಾವಲಿಗೆ ತಾಗಿಸಿ ಒಂದೊಂದು ನಿಮಿಷ ನಿಲ್ಲಿಸಿದರೆ ಹಸಿ ಉಳಿಯುವುದಿಲ್ಲ. ಉತ್ತರ ಐರ್ಲೆಂಡಿನಲ್ಲಿ ಹೀಗೆ ಕಾವಲಿಯ ಮೇಲೆ ಮಾಡುವ ಬ್ರೆಡ್ಡಿಗೆ ಫಾರ್ಲ್ ಅನ್ನುತ್ತಾರೆ. ಓವನ್ನಿಗೆ ಬದಲಿ ಅಂತ ಅದನ್ನು ಕೀಳಾಗಿ ನೋಡಬೇಕಿಲ್ಲ, ಬಿಸಿಬಿಸಿಯಾಗಿ ಬೆಣ್ಣೆ ಹಚ್ಚಿದರೆ ನನಗೆ ಓವನ್ ಬ್ರೆಡ್ಡಿಗಿಂತ ಅದೇ ಇಷ್ಟ.

ಅಚ್ಚಿನ ಬ್ರೆಡ್ಡೇ ಬೇಕೆಂದರೆ ದಪ್ಪ ಪಾತ್ರೆಯೊಳಗೆ ಸ್ಟ್ಯಾಂಡ್ ಇಟ್ಟು, ಮುಚ್ಚಿ, ಹತ್ತು ನಿಮಿಷ ಕಾಯಿಸಿ, ಅಚ್ಚು ಇಟ್ಟು ಸಣ್ಣ ಉರಿಯಲ್ಲಿ 45 ರಿಂದ 50 ನಿಮಿಷ ಬೇಯಿಸಬಹುದು. ಮೇಲೆ ಬಣ್ಣ ಬರುವುದಿಲ್ಲ, ಒಳಗೆ ಚೆನ್ನಾಗಿ ಬೇಯುತ್ತದೆ. ಪ್ರೆಷರ್ ಕುಕ್ಕರ್ ನೀರಿಲ್ಲದೆ ಕಾಯಿಸುವುದು ನನಗೆ ಒಪ್ಪಿಗೆ ಇಲ್ಲ, ತಳ ಹಾಳಾಗುತ್ತದೆ. ಮೈಕ್ರೋವೇವ್‌ನಲ್ಲಿ ಕನ್ವೆಕ್ಷನ್ (ಬಿಸಿಗಾಳಿಯಿಂದ ಬೇಯಿಸುವ ವ್ಯವಸ್ಥೆ) ಇದ್ದರೆ ಓವನ್ನಿನ ಹಾಗೇ ಬಳಸಿ. ಬರೀ ಮೈಕ್ರೋವೇವ್‌ನಲ್ಲಿ ಬ್ರೆಡ್ ಬೇಯುತ್ತದೆ, ಆದರೆ ಮೇಲ್ಪದರ ಕಟ್ಟುವುದಿಲ್ಲ, ಆರಿದ ಮೇಲೆ ರಬ್ಬರ್.

ಒಮ್ಮೆ ಸಾದಾ ಬ್ರೆಡ್ ಸರಿಯಾಗಿ ಬಂದ ಮೇಲೆ ಒಣದ್ರಾಕ್ಷಿ, ಎಳ್ಳು, ಬೀಜ ಏನಾದರೂ ಸೇರಿಸಿ. ಒಂದು ವಿಷಯ ಗೊತ್ತಿರಲಿ. ಸೂರ್ಯಕಾಂತಿ ಬೀಜ ಹಾಕಿ ಸೋಡಾ ಜಾಸ್ತಿಯಾದರೆ ಬ್ರೆಡ್ ಆರಿದ ಮೇಲೆ ಬೀಜದ ಸುತ್ತ ಹಸಿರಾಗುತ್ತದೆ. ಬೂಷ್ಟು ಅಂತ ಗಾಬರಿಯಾಗಬೇಡಿ. ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲ ಕ್ಷಾರಕ್ಕೆ ಹಾಗೆ ಬಣ್ಣ ಬದಲಿಸುತ್ತದೆ, ತಿಂದರೆ ಏನೂ ಆಗುವುದಿಲ್ಲ. ಸೋಡಾ ಎಷ್ಟು ಮಿಕ್ಕಿದೆ ಅಂತ ತೋರಿಸುವ ಪುಕ್ಕಟೆ ಪರೀಕ್ಷೆ ಅದು. ರಕ್ತದೊತ್ತಡಕ್ಕೆ ಉಪ್ಪು ಕಡಿಮೆ ಮಾಡಿರುವವರು ಮನೆಯಲ್ಲಿದ್ದರೆ ಸೋಡಾವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಂದು ಟೀ ಚಮಚ ಸೋಡಾದಲ್ಲಿ 1,200 ಮಿಲಿಗ್ರಾಂಗಿಂತ ಹೆಚ್ಚು ಸೋಡಿಯಂ ಇರುತ್ತದೆ.

ಅಂಗಡಿ ಬ್ರೆಡ್ಡಿನಷ್ಟು ಮೆತ್ತಗೆ ಬರುತ್ತಾ ಅಂದರೆ, ಬರುವುದಿಲ್ಲ. ಹತ್ತಿಯ ಹಾಗೆ ಎಳೆಎಳೆಯಾಗಿ ಬಿಡಿಸಿಕೊಳ್ಳುವ ಗುಣ ಗ್ಲುಟೆನ್ ಬಲೆಯಿಂದ ಬರುವಂಥದ್ದು, ನಾವು ಅದನ್ನು ಬೇಕೆಂದೇ ಬೆಳೆಯಲು ಬಿಟ್ಟಿಲ್ಲ. ಇದು ಸ್ವಲ್ಪ ಪುಡಿಪುಡಿಯಾಗುವ, ಬಿಗಿ ಒಡಲಿನ ಬ್ರೆಡ್. ತೆಳ್ಳಗೆ ಕೊಯ್ದರೆ ಮುರಿಯುತ್ತದೆ, ಒಂದೂವರೆ ಸೆಂಟಿಮೀಟರ್ ದಪ್ಪ ಇರಲಿ. ಎಣ್ಣೆ ಅಥವಾ ಬೆಣ್ಣೆ ಹಾಕಿದ್ದು ಎರಡು ಮೂರು ದಿನ ಮೆತ್ತಗೆ ಇರುತ್ತದೆ. ಬರೀ ಮಜ್ಜಿಗೆಯದು ಮಾರನೇ ದಿನಕ್ಕೇ ಗಟ್ಟಿಯಾಗುತ್ತದೆ, ಮಾಡಿದ ದಿನವೇ ತಿಂದರೆ ಚೆಂದ. ಉಳಿದದ್ದನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಆ ತಣ್ಣಗಿನಲ್ಲಿ ಪಿಷ್ಟ ಹೊರಗಿಗಿಂತ ಬೇಗ ಗಟ್ಟಿಯಾಗುತ್ತದೆ. ಕೊಯ್ದು, ನಡುನಡುವೆ ಕಾಗದ ಇಟ್ಟು, ಫ್ರೀಜರಿಗೆ ಹಾಕಿ. ಬೇಕೆಂದಾಗ ತುಂಡನ್ನು ಕರಗಿಸದೆ ನೇರ ಕಾವಲಿ ಅಥವಾ ಟೋಸ್ಟರಿಗೆ ಇಟ್ಟರೆ ಆಯಿತು.